ಅಣ್ಣನ ಮಾತ್ರೆ

ಫೋನು ಎತ್ತಬಾರದೆಂದು ಅವನು ತೀರ್ಮಾನಿಸುವಷ್ಟರಲ್ಲಿ ಹೆಂಡತಿ ಎತ್ತಿಬಿಟ್ಟಿದ್ದಳು.

ಮುಖಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದವನಿಗೆ ಅವಳ ಮಾತು ಕೇಳಿಸಲಿಲ್ಲ, ನಗು ಕೇಳಿಸಿತು. ಮೊದಲು ತಡೆದುಕೊಂಡ ನಗು, ಆಮೇಲೆ ತಡೆಯಲಾಗದ್ದು. ರೇಜರು ಗಲ್ಲದ ಮೇಲೆ ಇದ್ದಲ್ಲೇ ನಿಂತಿತು. ಈ ಮನೆಯಲ್ಲಿ ಬೆಳಗಿನ ಹೊತ್ತು ಯಾರೂ ನಗುತ್ತಿರಲಿಲ್ಲ. ಹಾಗೆಂದು ನಿಯಮವೇನೂ ಇರಲಿಲ್ಲ, ರೂಢಿಯಾಗಿತ್ತು.

"ಯಾರದು?" ಎಂದ, ಗೊತ್ತಿದ್ದೂ.

"ಭಾವ." ಅವಳು ಬಚ್ಚಲ ಬಾಗಿಲಿಗೆ ಬಂದು ನಿಂತಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. "ಪಕ್ಕದ ಬೆಡ್ಡಿನವರ ಫೋನಂತೆ. ರಾತ್ರಿ ಅವರ ಗೊರಕೆ ರೆಕಾರ್ಡ್ ಮಾಡ್ಕೊಂಡು ಬೆಳಿಗ್ಗೆ ಅವರಿಗೇ ಕೇಳ್ಸಿದಾರೆ. ಅವರು ಯಾವ್ದೋ ಮೆಷೀನ್ ಕೆಟ್ಟಿದೆ ಅಂತ ಸಿಸ್ಟರನ್ನ ಕೂಗಿದ್ರಂತೆ."

"ಸರಿ."

"ಸರಿ ಅಂದ್ರೆ?"

"ಬೇರೆಯವರ ಫೋನು. ವಾಪಸ್ ಕೊಡು ಅಂತ ಹೇಳ್ಬೇಕಿತ್ತು."

ಅವಳು ಒಳಗೆ ಹೋದಳು. ಅವನು ರೇಜರನ್ನು ಮೇಲಕ್ಕೆಳೆದ. ಕಿವಿಯ ಕೆಳಗೆ ಸಣ್ಣಗೆ ಕೊಯ್ದುಕೊಂಡಿತು.

ಅಣ್ಣ ಆಸ್ಪತ್ರೆ ಸೇರಿ ಎರಡು ವಾರ ಕಳೆದಿತ್ತು. ಊಟಕ್ಕೆ ಕುಳಿತಿದ್ದವನು ಹೊಟ್ಟೆ ಹಿಡಿದುಕೊಂಡು, ಕೂಗಲೂ ಉಸಿರಿಲ್ಲದೆ, ಕುರ್ಚಿಯಿಂದ ನೆಲಕ್ಕೆ ಜಾರಿದ್ದ. ನೋವು ಹೊಟ್ಟೆಯನ್ನು ತೂರಿ ಬೆನ್ನಿನಲ್ಲಿ ಹೊರಡುತ್ತಿದೆ ಎಂದು ಆಮೇಲೆ ಹೇಳಿದ. ಪರೀಕ್ಷಿಸಿದರೆ ಪ್ಯಾಂಕ್ರಿಯಾಸು, ಮೇದೋಜೀರಕ ಗ್ರಂಥಿ, ಊದಿಕೊಂಡು ಉರಿಯುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಿಲ್ಲ, ರಕ್ತದಲ್ಲಿ ಕೊಬ್ಬಿಲ್ಲ. ಉಳಿದದ್ದು ಅವನು ವರ್ಷಗಟ್ಟಲೆ ನುಂಗುತ್ತಿದ್ದ, ಮನಸ್ಸನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆ. ಆ ಮಾತ್ರೆಯಿಂದ ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಹೀಗಾಗಬಹುದೆಂದು ತಮ್ಮನಾದ ಅವನೇ ವೈದ್ಯಕೀಯ ಕಾಲೇಜಿನಲ್ಲಿ ಪ್ರತಿ ವರ್ಷ ಪಾಠ ಹೇಳುತ್ತಿದ್ದ. ಔಷಧಶಾಸ್ತ್ರ ಅವನ ವಿಷಯ. ಅಣ್ಣನ ತಲೆ ಕೆಟ್ಟಾಗ ಇದೇ ಮಾತ್ರೆ ಆಗಬೇಕೆಂದು ಒತ್ತಿ ಹೇಳಿದವನೂ ಅವನೇ.

ಮಾತ್ರೆ ನಿಲ್ಲಿಸಿದರು. ನೋವು ಇಳಿಯುತ್ತಾ ಬಂತು, ಅಣ್ಣ ಹುರುಪಿನಲ್ಲಿ ಏರುತ್ತಾ ಬಂದ.

ಮಾತ್ರೆ ನುಂಗುತ್ತಿದ್ದ ದಿನಗಳ ಅಣ್ಣ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂರುವ ದಪ್ಪನೆಯ ಮನುಷ್ಯ. ಕೈ ನಡುಗುತ್ತಿದ್ದುದರಿಂದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಕರೆದರೆ ಬರುತ್ತಿದ್ದ, ಹೋಗು ಎಂದರೆ ಹೋಗುತ್ತಿದ್ದ. ಬಂದವರು ಎಷ್ಟು ಸಾಧು ನಿಮ್ಮಣ್ಣ ಎನ್ನುತ್ತಿದ್ದರು. ಅದಕ್ಕೂ ಹಿಂದಿನ ಅಣ್ಣ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ಹೆಸರು ಅವನ ಕೈಬರಹದಲ್ಲಿತ್ತು. ತಲೆ ಕೆಟ್ಟಾಗ ಒಂದು ಮುಂಜಾನೆ ಏಣಿ ಹೊತ್ತು ಹೋಗಿ, ತಾನು ಬರೆದ ಬೋರ್ಡುಗಳನ್ನೆಲ್ಲ ತಿದ್ದಿಬಿಟ್ಟ. ಚಿನ್ನದ ಅಂಗಡಿಯ ಮೇಲೆ 'ಬಂದವರು ಹಗುರಾಗಿ ಹೋಗುವಿರಿ' ಎಂದು ಬರೆದ. ವೈದ್ಯಕೀಯ ಕಾಲೇಜಿನ ಗೇಟಿನ ಮೇಲೆ ಬರೆದದ್ದು, 'ಇಲ್ಲಿ ನನ್ನ ತಮ್ಮ ಪಾಠ ಹೇಳುತ್ತಾನೆ. ರೋಗಿಗಳನ್ನು ಮುಟ್ಟುವುದಿಲ್ಲ.'

ಅಂಗಡಿಯವರು ಸೇರಿ ಬಡಿದರು. ಎರಡು ಪಕ್ಕೆಲುಬು ಮುರಿಯಿತು. ಕಾಲೇಜಿನವರು ಗೇಟಿಗೆ ಬಣ್ಣ ಹೊಡೆಸಿದರು, ಆದರೂ ಎಳೆಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಬಣ್ಣದಡಿಯಿಂದ ಕಾಣುತ್ತಿದ್ದವು. ವಿದ್ಯಾರ್ಥಿಗಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಬರುತ್ತಿದ್ದರು. ಅಣ್ಣನ ಪಕ್ಕೆಲುಬು ಕೂಡಿಕೊಂಡಿತು, ಗೇಟಿನ ಮಾತು ತಮ್ಮನ ಎದೆಯಲ್ಲಿ ಮಾಡಿದ ಗಾಯ ಕೂಡಿಕೊಳ್ಳಲಿಲ್ಲ.

ತಿಂಡಿಗೆ ಕುಳಿತಾಗ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಹೇಳಿದಳು. "ಇವತ್ತು ಡಾಕ್ಟ್ರು ನಿಮ್ಮನ್ನ ಕೇಳ್ತಾರಂತೆ."

"ಏನನ್ನ?"

"ಮಾತ್ರೆಯಿಂದಾನೇ ಆಗಿದ್ದಾ ಅಂತ. ನೀವು ಹೌದು ಅಂದ್ರೆ ಇನ್ನು ಜನ್ಮದಲ್ಲಿ ಅದನ್ನ ಕೊಡಲ್ವಂತೆ. ಮತ್ತೆ ಕೊಟ್ರೆ ಜೀವಕ್ಕೇ ಅಪಾಯ ಅಂದ್ರು."

"ಮತ್ತೆ ತಲೆಗೆ?"

"ಬೇರೆ ಯಾವ್ದೋ ಇದೆಯಂತೆ. ಹಿಡಿಯೋಕೆ ಸ್ವಲ್ಪ ದಿನ ಬೇಕಂತೆ."

"ಹಿಡೀದೇನೂ ಇರಬಹುದು."

"ಇರಲಿ. ನಾನು ನೋಡ್ಕೋತೀನಿ."

ಅವನು ತಲೆಯೆತ್ತಿದ. "ಹೋದ ಸಲ 'ಅವರಿರಬೇಕು ಇಲ್ಲಾ ನಾನಿರಬೇಕು' ಅಂದಿದ್ದು ಯಾರು?"

"ನಾನೇ." ಬೆಣ್ಣೆ ಸವರುವ ಚಾಕು ನಿಲ್ಲಲಿಲ್ಲ. "ಆಗ ನಂಗೆ ಈ ಮನೆ ಇಷ್ಟು ತಣ್ಣಗಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಅವನು ಬ್ರೆಡ್ಡನ್ನು ಮೂಲೆಯಿಂದ ಮೂಲೆಗೆ ಮಡಚಿ ತಿಂದ.

ಕಾಲೇಜಿನಲ್ಲಿ ಅಂದಿನ ಪಾಠ ಔಷಧಗಳ ಅಡ್ಡಪರಿಣಾಮ. ಕಾಕತಾಳೀಯವೇನಲ್ಲ, ಪ್ರತಿ ವರ್ಷ ಈ ವಾರದಲ್ಲೇ ಅದು ಬರುತ್ತಿತ್ತು. ಪ್ಯಾಂಕ್ರಿಯಾಸಿನ ಚಿತ್ರ ಬರೆದ. ಅನ್ನವನ್ನು ಅರಗಿಸಲು ಅದು ರಸ ಸುರಿಸುತ್ತದೆ, ಕೆಟ್ಟಾಗ ಅದೇ ರಸದಿಂದ ತನ್ನನ್ನೇ ಅರಗಿಸಿಕೊಳ್ಳತೊಡಗುತ್ತದೆ ಎಂದ. ಅದನ್ನು ಹಾಗೆ ಕೆರಳಿಸುವ ಔಷಧಗಳ ಹೆಸರನ್ನು ಒಂದರ ಕೆಳಗೊಂದು ಬರೆದ. ಅಣ್ಣನ ಮಾತ್ರೆಯ ಹೆಸರನ್ನೂ ಬರೆದ.

"ಕಾಯಬೇಕಾದದ್ದೇ ಕೊಲ್ಲೋದು. ಬೇಲಿ ಎದ್ದು ಹೊಲ ಮೇಯ್ದ ಹಾಗೆ," ಎಂದ. ಈ ಮಾತಿಗೆ ಪ್ರತಿ ವರ್ಷ ಸ್ವಲ್ಪ ನಗು ಏಳುತ್ತಿತ್ತು. ಈ ವರ್ಷವೂ ಎದ್ದಿತು.

"ಔಷಧದಿಂದಲೇ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?" ಪ್ರಶ್ನೆಯನ್ನು ತಾನೇ ಕೇಳಿ ತಾನೇ ಉತ್ತರಿಸುವುದು ಅವನ ಅಭ್ಯಾಸ. "ಬೇರೆ ಕಾರಣ ಇರಬಾರದು. ಔಷಧ ನಿಲ್ಲಿಸಿದಾಗ ಕಾಯಿಲೆ ಇಳೀಬೇಕು. ಇಷ್ಟಾದ್ರೂ ಅದು ಬಲವಾದ ಅನುಮಾನ ಮಾತ್ರ. ಪೂರ್ತಿ ಖಚಿತ ಆಗೋದು ಅದೇ ಔಷಧ ಮತ್ತೆ ಕೊಟ್ಟು, ಅದೇ ಕಾಯಿಲೆ ಮತ್ತೆ ಬಂದಾಗ."

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಹಾಗೆ ಕೊಟ್ರೆ ಪೇಷೆಂಟು ಸತ್ತೇ ಹೋಗಬಹುದಲ್ವಾ ಸರ್?"

"ಹೋಗಬಹುದು. ಆದರೆ ನಮಗೆ ಖಚಿತವಾಗಿರುತ್ತೆ."

ತರಗತಿ ಗೊಳ್ಳೆಂದಿತು. ಅವನೂ ನಕ್ಕ, ಎಲ್ಲರಿಗಿಂತ ತುಸು ತಡವಾಗಿ. ಹುಡುಗಿ ನಗಲಿಲ್ಲ. ಯಾರೂ ಹಾಗೆ ಬೇಕೆಂದು ಕೊಡುವುದಿಲ್ಲ, ಗೊತ್ತಿಲ್ಲದೆ ಕೊಟ್ಟದ್ದುಂಟು ಎಂದು ಅವಳಿಗಾಗಿ ಸೇರಿಸಿದ. ಅವಳು ಅದನ್ನು ಬರೆದುಕೊಂಡಳು.

ಮಧ್ಯಾಹ್ನ ವಾರ್ಡಿನ ಮೆಟ್ಟಿಲು ಹತ್ತುವಾಗ ಹೇಳಬೇಕಾದದ್ದು ಅವನಿಗೆ ಸ್ಪಷ್ಟವಿತ್ತು. ಹೌದು, ಮಾತ್ರೆಯಿಂದಲೇ. ಇನ್ನೆಂದೂ ಕೊಡಬೇಡಿ. ಇದರಲ್ಲಿ ಪಾಂಡಿತ್ಯವೇನೂ ಬೇಕಾಗಿರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುವ ಮಾತು ಅದು.

ಕಾರಿಡಾರಿನ ತಿರುವಿನಲ್ಲೇ ಹೆಂಡತಿಯ ನಗು ಕೇಳಿಸಿತು.

ಅವಳೊಬ್ಬಳೇ ಅಲ್ಲ, ವಾರ್ಡಿಗೆ ವಾರ್ಡೇ ನಗುತ್ತಿತ್ತು. ಅಣ್ಣ ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ ಕುಳಿತಿದ್ದ. ತೂಕ ಇಳಿದು, ಮುಖದ ಮೂಳೆಗಳು ಎದ್ದು, ಎಷ್ಟೋ ವರ್ಷ ಚಿಕ್ಕವನಾದಂತೆ ಕಾಣುತ್ತಿದ್ದ. ಸುತ್ತಲೂ ನೀರಿನ ಬಾಟಲಿಗಳು. ಸಿಸ್ಟರು ಗ್ಲೂಕೋಸ್ ಬಾಟಲಿಯ ಮೇಲೆ ಗುರುತು ಹಾಕುವ ಮಾರ್ಕರನ್ನು ಕಿತ್ತುಕೊಂಡು, ವಾರ್ಡಿನವರ ಬಾಟಲಿ ಅದಲುಬದಲಾಗದ ಹಾಗೆ ಒಂದೊಂದಕ್ಕೂ ಹೆಸರು ಬರೆಯುತ್ತಿದ್ದ. ನಿಜವಾದ ಹೆಸರಲ್ಲ, ತಾನು ಇಟ್ಟದ್ದು. ಪಕ್ಕದ ಬೆಡ್ಡಿನವರಿಗೆ 'ಗೊರಕೆ ರಾಯರು'. ಪಿತ್ತಕೋಶ ತೆಗೆಸಿಕೊಂಡು, ಅದರಲ್ಲಿದ್ದ ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದವನಿಗೆ 'ಕಲ್ಲು ಸಾಹುಕಾರ'. ಸಿಸ್ಟರಿಗೆ 'ಸೂಜಿ ಮಹಾರಾಣಿ'.

ಅಕ್ಷರಗಳು ಹಳೆಯ ಬೋರ್ಡುಗಳ ಅಕ್ಷರಗಳೇ. ದಪ್ಪ ಸಣ್ಣ ಗೆರೆ, ಪಕ್ಕಕ್ಕೊಂದು ನೆರಳು. ಗುಂಡು ಬಾಟಲಿಯ ಮೇಲೆ ಕೂಡ ಸಾಲು ಓರೆಯಾಗಿರಲಿಲ್ಲ. ಅವನು ಅಣ್ಣನ ಕೈಯನ್ನೇ ನೋಡಿದ. ನಡುಕದ ಸುಳಿವೂ ಇರಲಿಲ್ಲ.

"ಬಾರೋ ಪಂಡಿತ!" ಎಂದ ಅಣ್ಣ. "ನೋಡಿ, ಇವನೇ ನನ್ನ ತಮ್ಮ. ಔಷಧಿ ಬಗ್ಗೆ ಇವನಿಗೆ ಗೊತ್ತಿಲ್ಲದ್ದೇ ಇಲ್ಲ. ಒಂದೇ ಒಂದು ಸಲ ಜ್ವರ ಬಂದಾಗ ಮಾತ್ರ ಕಹಿ ಅಂತ ಉಗಿದುಬಿಟ್ಟಿದ್ದ."

ಮತ್ತೆ ನಗು. ಹೆಂಡತಿ ಊಟದ ಕ್ಯಾರಿಯರ್ ಎತ್ತಿ ತೋರಿಸಿದಳು. "ನಂದು ನೋಡಿದ್ರಾ?" ಅದರ ಮೇಲೆ 'ಚಟಪಟ' ಎಂದಿತ್ತು.

"ಏನದು?"

"ಇವಳು ಮನೆಗೆ ಬಂದ ಹೊಸದ್ರಲ್ಲಿ ಹೇಗೆ ಮಾತಾಡ್ತಿದ್ಲು! ಚಟಪಟ ಚಟಪಟ," ಎಂದ ಅಣ್ಣ. "ನಾನು ಆ ಕಿಟಕಿ ಹತ್ರ ಕೂತ್ಕೊಂಡು ಎಷ್ಟೋ ದಿನ ಯೋಚ್ನೆ ಮಾಡಿದ್ದೀನಿ. ನಾನಂತೂ ಮಾತ್ರೆ ತಗೊಂಡು ಸುಮ್ಮನಾದೆ, ಇವಳು ಏನು ತಗೊಂಡು ಸುಮ್ಮನಾದ್ಲಪ್ಪಾ ಅಂತ."

ಈ ಸಲ ವಾರ್ಡು ನಕ್ಕಿತು, ಹೆಂಡತಿ ನಗಲಿಲ್ಲ. ಅವಳು ಕ್ಯಾರಿಯರಿನ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದಳು. ಅವನಿಗೆ ಬ್ಯಾಗನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನಿಂದೂ ತಾ ಇಲ್ಲಿ." ಅಣ್ಣ ಅವನ ಬ್ಯಾಗಿನಿಂದ ಬಾಟಲಿಯನ್ನು ತಾನೇ ಎಳೆದುಕೊಂಡ. ಮಾರ್ಕರಿನ ಮುಚ್ಚಳ ತೆಗೆದ. ಬಾಟಲಿಯನ್ನು ತಿರುಗಿಸಿದ. ಅವನ ಮುಖ ನೋಡಿದ, ಮತ್ತೆ ಬಾಟಲಿ ನೋಡಿದ. ಗೊರಕೆ ರಾಯರು ಮೊಣಕೈ ಊರಿ ಎದ್ದು ಕುಳಿತರು. ಕಲ್ಲು ಸಾಹುಕಾರ ಹತ್ತಿರ ಬಂದ. ತಮ್ಮನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲವಾಯಿತು. ಆ ಕುತೂಹಲ ಅವನಿಗೇ ತಮಾಷೆ ಅನ್ನಿಸಿತು. ಹುಚ್ಚನೊಬ್ಬ ಪ್ಲಾಸ್ಟಿಕ್ ಬಾಟಲಿಯ ಮೇಲೆ ಏನು ಗೀಚಿದರೇನು?

ಅಣ್ಣ ಮುಚ್ಚಳ ಹಾಕಿಬಿಟ್ಟ.

"ಊಹೂಂ. ಹೊಳೀತಿಲ್ಲ ಕಣೋ."

"ಪಂಡಿತ ಅಂತ ಬರೀರಿ ಭಾವ," ಎಂದಳು ಹೆಂಡತಿ.

"ಅದು ಅವನ ಕೆಲಸ ಕಣಮ್ಮಾ, ಅವನಲ್ಲ. ಎಲ್ರಿಗೂ ಒಂದು ಗಳಿಗೇಲಿ ಬಂತು, ಇವನಿಗೆ ಬೆಳಿಗ್ಗೆಯಿಂದ ಯೋಚಿಸ್ತಿದೀನಿ." ಅಣ್ಣನ ದನಿಯಲ್ಲಿ ಗೇಲಿ ಇರಲಿಲ್ಲ. ನಿಜವಾದ ಬೇಸರವಿತ್ತು, ಕುಸುರಿಗಾರನಿಗೆ ಕೆಲಸ ಕೈಕೊಟ್ಟಾಗ ಆಗುವಂಥದ್ದು. "ಇರಲಿ, ಹೊಳೆದಾಗ ಬರೀತೀನಿ."

"ಪರವಾಗಿಲ್ಲ," ಎಂದ ಅವನು. ಹೆಸರಿಲ್ಲದ ಬಾಟಲಿ ಕೈಗೆ ಬಂತು.

ಹೆಂಡತಿ ಕ್ಯಾರಿಯರ್ ತೊಳೆಯಲು ಹೋದಳು. ಅಣ್ಣ ಥಟ್ಟನೆ ಅವನ ಮಣಿಕಟ್ಟು ಹಿಡಿದು ಹತ್ತಿರಕ್ಕೆಳೆದ. ಅಂಗೈ ಬಿಸಿಯಾಗಿತ್ತು. ಮುಖದಲ್ಲಿ ಆಗಿನ ಹುರುಪು ಇರಲಿಲ್ಲ.

"ಒಂದ್ ಮಾತು. ನಾನು ಎಲ್ಲಾನೂ ತಮಾಷೆ ಮಾಡ್ತೀನಿ, ನಿಂಗೊತ್ತು. ಆ ನೋವನ್ನ ಮಾತ್ರ ತಮಾಷೆ ಮಾಡೋಕೆ ಆಗ್ತಿಲ್ಲ ಕಣೋ. ಆವತ್ತು ಅಂಗಡಿಯೋರು ಹೊಡೆದ್ರಲ್ಲ, ಅದು ಏನೂ ಅಲ್ಲ. ಇದು ಒಳಗಡೆಯಿಂದ ತಿನ್ನುತ್ತೆ. ಇನ್ನೊಂದ್ ಸಲ ಬಂದ್ರೆ ನಾನು ಉಳಿಯಲ್ಲ."

"ಏನೂ ಆಗಲ್ಲ."

"ನಿನ್ನ ಕೇಳ್ತಾರಂತೆ. ಕೇಳಿದ್ರೆ ಹೇಳು, ಆ ಮಾತ್ರೆನೇ ಅಂತ."

"ನೋಡೋಣ."

"ನೋಡೋಣ ಅಂದ್ರೆ?"

"ಹೇಳ್ತೀನಿ ಅಂದೆ."

ಹೇಳುವವನೇ ಇದ್ದ. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಅಣ್ಣನ ಬೆರಳುಗಳು ಸಡಿಲವಾದವು, ಮಣಿಕಟ್ಟಿನ ಮೇಲೆ ಕೆಂಪು ಗುರುತು ಉಳಿಯಿತು. ಹೆಂಡತಿ ಬಂದಳು. ಅಣ್ಣ ಅವಳಿಗೆ ಏನೋ ಹೇಳಿದ, ತೀರ ಸಣ್ಣ ಮಾತು, ಕ್ಯಾರಿಯರಿನ ಮುಚ್ಚಳದ ಬಗ್ಗೆ. ಅವಳು ಮಂಚದ ಕಂಬಿ ಹಿಡಿದುಕೊಂಡು ನಕ್ಕಳು, ಕುತ್ತಿಗೆ ಹಿಂದಕ್ಕೆ ಚೆಲ್ಲಿ. ಆ ಕುತ್ತಿಗೆಯನ್ನು ಅವನು ಮರೆತೇಬಿಟ್ಟಿದ್ದ. ನಗುತ್ತಲೇ ಅವಳು ಇತ್ತ ತಿರುಗಿದಳು. ಅವನ ಕಣ್ಣಿಗೆ ಕಣ್ಣು ತಾಗಿದೊಡನೆ ನಗು ನಿಂತಿತು. ಮುಖ ದಿನನಿತ್ಯದ ಮುಖವಾಯಿತು.

"ಸರ್, ಒಂದ್ನಿಮಿಷ," ಎಂದು ಬಾಗಿಲ ಹತ್ತಿರ ಯಾರೋ ಕರೆದರು.

ವಾರ್ಡಿನ ಡಾಕ್ಟರು ಅವನ ಹಳೆಯ ವಿದ್ಯಾರ್ಥಿ. ಎರಡು ಸಲ ನಪಾಸಾಗಿದ್ದವನನ್ನು ಮೂರನೆಯ ಸಲ ಅವನೇ ಕೈಹಿಡಿದು ದಾಟಿಸಿದ್ದ. ಆ ಉಪಕಾರಕ್ಕೆ ಡಾಕ್ಟರು ಈಗಲೂ ಅವನ ಮುಂದೆ ಜೇಬಿನಿಂದ ಕೈ ಹೊರಗೆ ತೆಗೆದು ನಿಲ್ಲುತ್ತಿದ್ದರು. ಇಬ್ಬರೂ ಕಾರಿಡಾರಿನ ಕಿಟಕಿಯ ಬಳಿ ನಿಂತರು. ಕೆಳಗೆ ಯಾರೋ ಹಾಸಿಗೆಯ ಬಟ್ಟೆಗಳನ್ನು ಗಾಡಿಗೆ ತುಂಬುತ್ತಿದ್ದರು.

"ಸರ್, ನೀವೇ ಹೇಳ್ಬೇಕು. ನಮಗೆಲ್ಲ ಪಾಠ ಹೇಳ್ದೋರು."

"ಕಲ್ಲು ಇಲ್ವಾ?"

"ಇಲ್ಲ ಸರ್, ಎರಡು ಸಲ ಸ್ಕ್ಯಾನ್ ಮಾಡಿದ್ವಿ. ಕೊಬ್ಬಿನಂಶನೂ ಸರಿ ಇದೆ. ಕುಡಿಯೋ ಅಭ್ಯಾಸ ಇಲ್ಲ ಅಂತ ಮೇಡಂ ಮೊದಲ ದಿನಾನೇ ಹೇಳಿದಾರೆ. ಉಳಿದಿದ್ದು ಮಾತ್ರೆ ಒಂದೇ. ಅದೇ ಅಂತ ಮಾಡಿ, ಇನ್ನು ಯಾವತ್ತೂ ಕೊಡೋಹಾಗಿಲ್ಲ ಅಂದುಬಿಡ್ಲಾ?"

ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಮಾತೂ ಬೇಕಿರಲಿಲ್ಲ. ವಾರ್ಡಿನೊಳಗಿನಿಂದ ಮತ್ತೆ ಅವಳ ನಗು ಬಂತು. ಅವನು ಹೊರಗೆ ಬಂದದ್ದೇ ತಡ, ನಗುವನ್ನು ಬಿಟ್ಟ ಜಾಗದಿಂದಲೇ ಹಿಡಿದಿದ್ದಳು.

"ಕುಡೀತಿದ್ದ," ಎಂದ.

ಅದು ತನ್ನ ದನಿಯೇ ಎಂದು ಅವನು ಒಂದು ಕ್ಷಣ ಆಲಿಸಿದ. ತರಗತಿಯ ದನಿ, ಏರಿಳಿತವಿಲ್ಲದ್ದು.

"ಹೌದಾ ಸರ್? ಮೇಡಂ..."

"ಅವಳಿಗೆ ಗೊತ್ತಿಲ್ಲ. ಕದ್ದು ಕುಡೀತಿದ್ದ."

"ತುಂಬಾನಾ?"

"ಸಾಕಷ್ಟು."

ಡಾಕ್ಟರ ಮುಖ ಅರಳಿತು. ಕುಡುಕನ ಪ್ಯಾಂಕ್ರಿಯಾಸು ಯಾರಿಗಾದರೂ ಅರ್ಥವಾಗುವ ವಿಷಯ. "ನಂಗೂ ಒಳಗೊಳಗೇ ಅನುಮಾನ ಇತ್ತು ಸರ್. ಹಾಗಾದ್ರೆ ಮಾತ್ರೇದು ತಪ್ಪಿಲ್ಲ. ಮಾನಸಿಕ ವಿಭಾಗದೋರು ದಿನಾ ಪ್ರಾಣ ತಿಂತಿದಾರೆ, ಪೇಷೆಂಟು ಏರ್ತಿದಾನೆ, ಮಾತ್ರೆ ಯಾವಾಗ ಶುರು ಮಾಡ್ತೀರಿ ಅಂತ. ಮಾಡಬಹುದಲ್ವಾ ಸರ್?"

"ಮಾಡಬಹುದು."

"ಇವತ್ತಿಂದ್ಲೇ?"

"ಕಡಿಮೆ ಪ್ರಮಾಣದಲ್ಲಿ." ಎಚ್ಚರಿಕೆಯ ಈ ಮಾತನ್ನು ಆಡಿದ್ದಕ್ಕೆ ಅವನಿಗೆ ಸ್ವಲ್ಪ ಸಮಾಧಾನವಾಯಿತು.

"ನೀವು ಹೇಳಿದ ಮೇಲೆ ಇನ್ನೇನು ಸರ್."

ಕಾರಣಗಳಿಗೆ ಬರವಿರಲಿಲ್ಲ. ಅಣ್ಣ ಹೀಗೇ ಏರಿದರೆ ಮತ್ತೆ ಏಣಿ ಹಿಡಿಯುತ್ತಾನೆ, ಮತ್ತೆ ಬಡಿಸಿಕೊಳ್ಳುತ್ತಾನೆ, ಈ ಸಲ ಪಕ್ಕೆಲುಬಿಗೆ ನಿಲ್ಲದಿರಬಹುದು. ಹೊಸ ಔಷಧ ಹಿಡಿಯದೇ ಇರಬಹುದು. ಒಮ್ಮೆ ಉರಿದದ್ದು ಮತ್ತೆ ಉರಿಯಲೇಬೇಕೆಂದೇನಿಲ್ಲ, ಉರಿಯದೇ ಇದ್ದ ಒಂದೆರಡು ಉದಾಹರಣೆ ಅವನೇ ಓದಿದ್ದ. ಎಲ್ಲವೂ ನಿಜ. ಇವುಗಳಲ್ಲಿ ಒಂದೂ ತನ್ನ ಬಾಯಿಂದ ಆ ಮಾತು ಹೊರಡಿಸಿದ್ದಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅಣ್ಣನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಇಷ್ಟು ವರ್ಷ ಆರೈಕೆ ಮಾಡಿದ ಮೇಲೆ, ಇಷ್ಟು ಸರಳವಾಗಿ ಅದನ್ನು ಯೋಚಿಸಿದ್ದು ಇದೇ ಮೊದಲು. ಹೆದರಿಕೆಯಾಯಿತು, ಜೊತೆಗೆ ಬಿಗಿಯಾದ ಷೂ ಕಳಚಿದಾಗಿನ ಹಗುರವೂ ಆಯಿತು.

ಡಾಕ್ಟರು ಮುಂದೆ ನಡೆದರು. ಅವನು ಹಿಂದೆ ನಡೆದ.

"ಏನ್ ಯಜಮಾನ್ರೇ," ಡಾಕ್ಟರು ಮಂಚದ ಬಳಿ ನಿಂತು ಕೈ ಉಜ್ಜಿದರು. "ನಮ್ಮ ಹತ್ರ ಮುಚ್ಚಿಡೋದಾ? ಒಳಗೊಳಗೇ ಗುಂಡು ಹಾಕ್ತಿದ್ರಂತೆ?"

ಗೊರಕೆ ರಾಯರು ಹೋ ಎಂದರು. ಕಲ್ಲು ಸಾಹುಕಾರ ಡಬ್ಬಿ ಕುಲುಕಿದ.

"ಭಾವ ಕುಡಿಯಲ್ಲ," ಎಂದಳು ಹೆಂಡತಿ. "ಯಾರು ಹೇಳಿದ್ದು?"

ಡಾಕ್ಟರು ಹೇಳಬೇಕಾಗಲಿಲ್ಲ. ಅಣ್ಣ ಆಗಲೇ ತಮ್ಮನನ್ನು ನೋಡುತ್ತಿದ್ದ. ಬಾಟಲಿ ಹಿಡಿದು ನೋಡಿದ ಹಾಗೆಯೇ ನೋಡಿದ, ಎಲ್ಲಿಂದ ಗೆರೆ ಎಳೆಯಬೇಕೆಂದು ಹುಡುಕುವವನ ಹಾಗೆ. ಅವನು ನೋಟ ತಪ್ಪಿಸಲಿಲ್ಲ. ತಪ್ಪಿಸಲು ಬೇಕಾದ ಶಕ್ತಿ ಇರಲಿಲ್ಲ. ಈಗ ಅಣ್ಣ ನಿಜ ಹೇಳುತ್ತಾನೆ, ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾನೆ. ಹೇಳಲಿ ಎಂದೇ ಕಾದ. ಯಾರಾದರೂ ಹೇಳಿಬಿಟ್ಟರೆ ಮುಗಿಯಿತು.

"ಕುಡೀತಿದ್ದೆ ಡಾಕ್ಟ್ರೇ," ಎಂದ ಅಣ್ಣ.

"ಭಾವ?"

"ಹೂಂ ತಾಯಿ. ನೀನು ಪೇಟೆಗೆ ಹೋದಾಗೆಲ್ಲ. ಹಿಂದಿನ ಬಾಗಿಲಿಂದ ಹೋಗಿ ಹಿಂದಿನ ಬಾಗಿಲಿಂದ ಬರೋದು." ಮಾತು ಮೆಲ್ಲಗೆ ಶುರುವಾಗಿ ಓಡತೊಡಗಿತು. ಅಂಗಡಿ ಎಲ್ಲಿದೆ, ಬೆಂಚಿನ ಯಾವ ಕಾಲು ಕುಂಟುತ್ತದೆ, ಜೊತೆಗೆ ಕೂರುತ್ತಿದ್ದ ಒಕ್ಕಣ್ಣಿನ ಟೈಲರು ಕುಡಿದಾಗ ಮಾತ್ರ ಎರಡೂ ಕಣ್ಣಿಂದ ಅಳುತ್ತಿದ್ದುದು ಹೇಗೆ, ಎಲ್ಲವೂ ಬಂತು. ವಾರ್ಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಡಾಕ್ಟರೂ ನಕ್ಕರು. ಇಷ್ಟು ಚೆನ್ನಾದ ಸುಳ್ಳನ್ನು ತನ್ನಿಂದ ಜನ್ಮದಲ್ಲಿ ಹೇಳಲಾಗುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

"ಸುಳ್ಳು," ಎಂದಳು ಹೆಂಡತಿ. ಆದರೆ ದನಿ ಗಟ್ಟಿಯಿರಲಿಲ್ಲ. "ನೀವು ಸುಳ್ಳು ಹೇಳ್ತಿದೀರಿ ಭಾವ. ಲೋಟ ಹಿಡಿಯೋಕೆ ಆಗ್ತಿರ್ಲಿಲ್ಲ ನಿಮಗೆ."

"ನಂದು ಬಿಡು, ನಾನು ಹುಚ್ಚ. ನಿನ್ನ ಗಂಡ ಯಾವತ್ತಾದ್ರೂ ಸುಳ್ಳು ಹೇಳಿದ್ದುಂಟೇನಮ್ಮಾ?"

ಅವಳು ಗಂಡನನ್ನು ನೋಡಿದಳು. ಎಷ್ಟೋ ಕಾಲದ ಮೇಲೆ ಏನನ್ನೋ ಬೇಡುತ್ತಾ ನೋಡಿದಳು. ಅವನು ಕಿವಿಯ ಕೆಳಗಿನ ಗಾಯ ಮುಟ್ಟಿಕೊಂಡ.

"ಇಲ್ಲ," ಎಂದು ಅವಳೇ ಹೇಳಿಕೊಂಡಳು. "ಅವರು ಹೇಳಲ್ಲ."

ಅವಳ ಮುಖ ಮುಚ್ಚಿಕೊಂಡಿತು. ನಗಲು ತನಗೊಬ್ಬರು ಸಿಕ್ಕಿದ್ದರು, ಅವರೂ ಬೆನ್ನ ಹಿಂದೆ ಆಟ ಕಟ್ಟಿದವರೇ ಎಂದು ಅವಳು ಅಂದುಕೊಂಡಿರಬೇಕು. ಕ್ಯಾರಿಯರಿನ ಮೇಲಿನ ಅಕ್ಷರಗಳನ್ನು ಹೆಬ್ಬೆರಳಿನಿಂದ ಉಜ್ಜಿದಳು. ಶಾಯಿ ಹೋಗಲಿಲ್ಲ. ಅಕ್ಷರವಿದ್ದ ಮಗ್ಗುಲನ್ನು ಸೊಂಟದ ಕಡೆ ತಿರುಗಿಸಿಕೊಂಡು, "ಕೆಳಗಿರ್ತೀನಿ, ಬನ್ನಿ," ಎಂದು ಹೊರಟುಹೋದಳು. ಅಣ್ಣನಿಗೆ ಏನೂ ಹೇಳಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಇದೇ. ಆಗಿತ್ತು. ಅವನು ಸಂತೋಷಕ್ಕಾಗಿ ಒಳಗೆಲ್ಲ ತಡಕಿದ.

ಡಾಕ್ಟರು ಸಿಸ್ಟರಿಗೆ ಹೇಳಿ ಮುಂದಿನ ಬೆಡ್ಡಿಗೆ ಹೋದರು. ಸಿಸ್ಟರು ಪುಟ್ಟ ಬಟ್ಟಲಲ್ಲಿ ಮಾತ್ರೆ ತಂದಳು. ಗುಲಾಬಿ ಬಣ್ಣದ್ದು, ಉದ್ದನೆಯದು, ಮನೆಯಲ್ಲಿ ಇದ್ದದ್ದೇ. ಅಣ್ಣ ಕೈ ಚಾಚಲಿಲ್ಲ.

"ನೀವೇ ಕೊಟ್ಟುಬಿಡಿ ಸರ್," ಎಂದು ಸಿಸ್ಟರು ಬಟ್ಟಲನ್ನು ಅವನಿಗೆ ದಾಟಿಸಿದಳು.

ವಾರ್ಡಿನ ನಗು ತಗ್ಗಿತ್ತು. ಗೊರಕೆ ರಾಯರು ಇನ್ನೂ ಟೈಲರನ ಕಣ್ಣನ್ನು ನೆನೆದು ಕುಲುಕುತ್ತಿದ್ದರು. ಅವನು ಮಾತ್ರೆ ಹಿಡಿದು ನಿಂತ. ಈಗಲೂ ತಡವಾಗಿರಲಿಲ್ಲ. ಬಟ್ಟಲನ್ನು ಬೀಳಿಸಬಹುದಿತ್ತು. ಆಗಲೇ ವಾರ್ಡಿನ ಕೊನೆ ತಲುಪಿದ್ದ ಡಾಕ್ಟರನ್ನು ಕೂಗಬಹುದಿತ್ತು.

"ಅಣ್ಣ," ಎಂದ.

"ಏನೋ?"

"ನೀನು ಯಾಕೆ..."

"ನೀನು ಯಾಕೆ?" ಎಂದ ಅಣ್ಣ.

ಅಣ್ಣ ಬಟ್ಟಲಿನತ್ತ ಒಮ್ಮೆ ನೋಡಿದ.

"ಹಾಕು," ಎಂದ ಅಣ್ಣ. ಅವನಿಗೆ ಹೆದರಿಕೆಯಾಗಿತ್ತು, ಅದನ್ನು ಬಚ್ಚಿಡುವ ಗೋಜಿಗೆ ಹೋಗಲಿಲ್ಲ. "ಹೊಟ್ಟೇಲಿ ಮತ್ತೆ ಶುರುವಾದ್ರೆ ನೀನು ಇಲ್ಲೇ ಇರ್ತೀಯ ತಾನೇ?"

"ಇರ್ತೀನಿ."

ಮಾತ್ರೆಯನ್ನು ಅಣ್ಣನ ನಾಲಿಗೆಯ ಮೇಲಿಟ್ಟ. ತನ್ನ ಬಾಟಲಿಯ ನೀರನ್ನೇ ಕುಡಿಸಿದ. ಅಣ್ಣನ ಗಂಟಲಿನ ಉಬ್ಬು ಮೇಲೇರಿ ಕೆಳಗಿಳಿಯಿತು.

ಆಮೇಲೆ, ಯಾರೂ ಕೇಳದಿದ್ದರೂ, ಅಣ್ಣ ಬಾಯಿ ಅಗಲವಾಗಿ ತೆರೆದು ನಾಲಿಗೆ ಮೇಲೆತ್ತಿ ತೋರಿಸಿದ. ನಾಲಿಗೆಯ ಕೆಳಗೆ, ದವಡೆಯ ಸಂದಿಯಲ್ಲಿ ಮಾತ್ರೆ ಬಚ್ಚಿಡುವ ರೋಗಿಗಳಿರುತ್ತಾರೆಂದು ಮನೆಯಲ್ಲಿ ತಮ್ಮನೇ ಮಾಡಿದ ಏರ್ಪಾಡು ಅದು. ದಿನವೂ ಊಟವಾದ ಮೇಲೆ ಅಣ್ಣ ಹೀಗೆ ಬಾಯಿ ತೆರೆಯಬೇಕು, ಅವನು ಬಗ್ಗಿ ನೋಡಿ ಸಾಕು ಎನ್ನಬೇಕು, ಆಗ ಮುಚ್ಚಬೇಕು.

ಅವನು ಬಗ್ಗಿದ. ಹಳದಿ ಹಲ್ಲುಗಳು, ಎರಡು ಇಲ್ಲದವು. ಮೇಲೆತ್ತಿದ ನಾಲಿಗೆಯ ನೀಲಿ ನರಗಳು. ಹಿಂದೆ ಕಿರುನಾಲಿಗೆ, ಅದರ ಹಿಂದೆ ಕತ್ತಲೆ. ಮಾತ್ರೆ ಇರಲಿಲ್ಲ. ಇಲ್ಲವೆಂದು ಒಂದೇ ನೋಟಕ್ಕೆ ಗೊತ್ತಾಗಿತ್ತು. ಆದರೂ ಅವನು ನೋಡುತ್ತಲೇ ಇದ್ದ, ಇನ್ನಷ್ಟು ಬಗ್ಗಿ, ತನ್ನ ಉಸಿರು ಆ ಬಾಯಿಗೆ ತಗಲಿ ತನ್ನ ಮುಖಕ್ಕೇ ಮರಳಿ ಬರುವಷ್ಟು ಹತ್ತಿರದಿಂದ.

ಏನಿದೆ ಅಲ್ಲಿ ಎಂದು ಕಲ್ಲು ಸಾಹುಕಾರ ಎದ್ದು ಬಂದು ಅವನ ಭುಜದ ಮೇಲಿಂದ ಇಣುಕಿದ. ಗೊರಕೆ ರಾಯರೂ ಕತ್ತು ಚಾಚಿದರು.

ಅಣ್ಣನ ಕಣ್ಣಂಚಿನಲ್ಲಿ ನೀರಾಡಿತು. ದವಡೆ ನಡುಗತೊಡಗಿತು. ತಮ್ಮ ಸಾಕು ಎನ್ನುವುದನ್ನೇ ಕಾಯುತ್ತಾ, ಬಾಯಿ ಹಾಗೇ ತೆರೆದುಕೊಂಡು ಕುಳಿತಿದ್ದ.